ಪರವಾನಗಿ ಸಿಗದ ಮೇಜು

ಹೋದ ಶ್ರಾವಣದಲ್ಲಿ ಸೋದರಮಾವನ ಮೊಮ್ಮಗಳ ನಿಶ್ಚಿತಾರ್ಥಕ್ಕೆಂದು ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟಿದ್ದೆ. ಹುನಗುಂದ ದಾಟಿ ಬಸ್ಸು ಊರು ಸಮೀಪಿಸುವಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ರಸ್ತೆ ಬದಿಯ ಕಲ್ಲು ಕೊಯ್ಯುವ ಶೆಡ್ಡೊಂದರಿಂದ ಹಸಿ ಕಲ್ಲುಪುಡಿಯ ವಾಸನೆ ಕಿಟಕಿಯೊಳಗೆ ನುಗ್ಗಿತು. ಅದು ಮಳೆಗೆ ನೆಂದ ಮಣ್ಣಿನ ವಾಸನೆಯಲ್ಲ. ಅದಕ್ಕಿಂತ ಖಾರ, ಮೂಗಿನ ತುದಿಗೆ ಲೋಹ ತಾಗಿದ ಹಾಗೆ. ಪಕ್ಕದಲ್ಲಿ ಕುಳಿತಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಒಂದು ಕಾಲಕ್ಕೆ ಆರು ತಿಂಗಳು ಆ ವಾಸನೆಯಲ್ಲೇ ಉಂಡು, ಎಷ್ಟು ಎರೆದುಕೊಂಡರೂ ಹೋಗದ ಹಾಗೆ ಅದನ್ನು ಕೂದಲಲ್ಲಿ ಹೊತ್ತು ತಿರುಗಿದವಳು ನಾನು.

ಎಂಬತ್ತರ ದಶಕದ ಮೊದಲ ವರ್ಷಗಳವು. ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ನಮ್ಮ ತರಗತಿಯ ಒಬ್ಬಳೇ ಹುಡುಗಿಯಾಗಿ ಪಾಸಾಗಿ, ಬೆಂಗಳೂರಿನ ಒಂದು ಸರ್ಕಾರಿ ಕಾರ್ಯಾಗಾರದಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ನನ್ನದು ಅಳತೆಯ ಕೋಣೆ. ಯಂತ್ರದ ಭಾಗಗಳು ತಯಾರಾಗಿ ಬಂದರೆ, ನಕ್ಷೆಯಲ್ಲಿ ಬರೆದಷ್ಟೇ ಇವೆಯೋ ಇಲ್ಲವೋ ಎಂದು ಅಳೆದು ಹೇಳುವುದು. ಹಾಗೆ ಅಳೆಯಲು ಎಲ್ಲಕ್ಕಿಂತ ಮೊದಲು ಒಂದು ಮೇಜು ಬೇಕು. ಸಾಧಾರಣ ಮೇಜಲ್ಲ, ದಪ್ಪ ಕಲ್ಲಿನ ಹಲಗೆ. ಅದರ ಮೇಲ್ಮೈ ಎಷ್ಟು ಸಮ ಇರಬೇಕೆಂದರೆ, ತಲೆಗೂದಲಿನ ದಪ್ಪವನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟೂ ಏರುತಗ್ಗು ಇರಬಾರದು. ವಸ್ತುವನ್ನು ಅದರ ಮೇಲಿಟ್ಟೇ ಅಳತೆ ಶುರು. ಮೇಜು ಓರೆಯಾದರೆ ಮುಂದಿನದೆಲ್ಲ ಓರೆ.

ನಮ್ಮಲ್ಲಿದ್ದದ್ದು ಹಳೆಯ ಬೀಡುಕಬ್ಬಿಣದ ಮೇಜು. ತುಕ್ಕು ಹಿಡಿದು ಸವೆದಿತ್ತು. ಹೊಸದಕ್ಕೆ ಪರದೇಶದ ಕಂಪನಿಯೊಂದಕ್ಕೆ ಬರೆದು ಒಂದು ವರ್ಷ ಕಾದೆವು. ಕೊನೆಗೆ ಬಂದದ್ದು ಮೇಜಲ್ಲ, ಕಾಗದ. ಅಳತೆಯ ಕೋಣೆಯ ಮುಖ್ಯಸ್ಥರಾಗಿದ್ದ ಮೂರ್ತಿಯವರು ಅದನ್ನು ನಿಂತೇ ಓದಿದರು. ಮೈಸೂರು ಕಡೆಯವರು, ಐವತ್ತರ ವಯಸ್ಸು, ದನಿ ಎತ್ತಿ ಮಾತಾಡಿದವರಲ್ಲ.

"ಅವರ ಸರ್ಕಾರ ಪರವಾನಗಿ ಕೊಟ್ಟಿಲ್ಲವಂತೆ," ಎಂದರು. "ಈ ಮೇಜು ನಮ್ಮ ಕೈಗೆ ಬಂದರೆ ಅವರ ದೇಶದ ಭದ್ರತೆಗೆ ಅಪಾಯವಂತೆ. ಕಲ್ಲಿನ ಹಲಗೆಗೂ ಹೆದರುತ್ತಾರೆ ನೋಡಮ್ಮ."

ರಾಜಸ್ಥಾನದ ಮರಳಿನಲ್ಲಿ ನಮ್ಮವರು ಬಾಂಬು ಸಿಡಿಸಿ ನೋಡಿದಂದಿನಿಂದ ಒಂದೊಂದೇ ಬಾಗಿಲು ಮುಚ್ಚುತ್ತ ಬಂದಿತ್ತು. ಒಮ್ಮೆ ಯಂತ್ರ ಬರಲಿಲ್ಲ, ಒಮ್ಮೆ ಯಂತ್ರದ ಬಿಡಿಭಾಗ, ಒಮ್ಮೆ ಬರೀ ಕೈಪಿಡಿ. ಈ ಸಲ ಕಾಗದದ ಜೊತೆ ಒಂದು ಅರ್ಜಿ ನಮೂನೆಯನ್ನೂ ಇಟ್ಟಿದ್ದರು. ಮೇಜಿನ ಮೇಲೆ ಏನೇನು ಇಟ್ಟು ಅಳೆಯುತ್ತೀರಿ ಎಂದು ಪಟ್ಟಿ ಕೊಡಬೇಕು, ವರ್ಷಕ್ಕೊಮ್ಮೆ ಅವರ ಮನುಷ್ಯ ಬಂದು ನಮ್ಮ ಕೋಣೆ ನೋಡಿ ಹೋಗಲು ಒಪ್ಪಬೇಕು, ಆಮೇಲೆ ಯೋಚಿಸುತ್ತಾರೆ. ಮೂರ್ತಿಯವರು ಅದನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ತಮ್ಮ ಕುರ್ಚಿಯ ಕಾಲಡಿಗೆ ತುರುಕಿ, ಕುಳಿತರು.

ನಾನು ಕಂಪನಿಯ ಪುಸ್ತಕವನ್ನು ತಿರುವಿ ಹಾಕುತ್ತಿದ್ದೆ. ಮೇಜಿನ ಬಣ್ಣದ ಚಿತ್ರವಿತ್ತು: ನಸುಗೆಂಪು, ನಡುನಡುವೆ ಕಪ್ಪು ಚುಕ್ಕಿ. ಹುನಗುಂದದಲ್ಲಿ ಸೋದರಮಾವನ ಮನೆಯ ಅದೇ ಬಣ್ಣದ ಕಲ್ಲಿನ ಮೆಟ್ಟಿಲು ನೆನಪಾಯಿತು. ಶಾಲೆಯ ಸೂಟಿ ಸೂಟಿಗೂ ಅದರ ಮೇಲೆ ಕುಳಿತು ಬೆಳೆದವಳು ನಾನು.

"ಸಾರ್, ಇಂಥ ಕಲ್ಲು ನಮ್ಮ ಇಳಕಲ್ಲಿನಲ್ಲಿದೆ."

ಮೂರ್ತಿಯವರು ನಕ್ಕರು. ಮರುದಿನ ನಗಲಿಲ್ಲ. ವಾರದೊಳಗೆ ಒಂದು ತುಂಡು ತರಿಸಿ ಕೊರೆದು, ಒಡೆದು, ನೀರಿನಲ್ಲಿಟ್ಟು ಪರೀಕ್ಷಿಸಿದರು. "ಗಟ್ಟಿ ಇದೆ. ನೀರೂ ಕುಡಿಯುವುದಿಲ್ಲ. ನೀವೇ ಹೋಗಿ, ನಿಮ್ಮ ಮಾತು ಅಲ್ಲಿನವರಿಗೆ ತಿಳಿಯುತ್ತೆ," ಎಂದು ಆರು ತಿಂಗಳ ಮಟ್ಟಿಗೆ ನನ್ನನ್ನು ಇಳಕಲ್ಲಿಗೆ ಕಳಿಸಿದರು. ಶಿವರಾತ್ರಿಯ ಮುಂದಿನ ವಾರ ಟ್ರಂಕು ಮತ್ತು ಮರದ ಪೆಟ್ಟಿಗೆಯಲ್ಲಿಟ್ಟ ಒಂದು ಮಟ್ಟಗೋಲು ಹಿಡಿದು ಬಂದಿಳಿದೆ. ಗಾಜಿನ ಕೊಳವೆಯಲ್ಲಿ ಗುಳ್ಳೆ ಇರುವ ಮಟ್ಟಗೋಲು ಗೌಂಡಿಗಳ ಹತ್ತಿರವೂ ಇರುತ್ತದೆ. ಆದರೆ ನಮ್ಮದು ಒಂದು ತುದಿಯ ಕೆಳಗೆ ಸಿಗರೇಟಿನ ಕಾಗದ ಇಟ್ಟರೂ ಗುಳ್ಳೆ ಓಡಿಹೋಗುವಂಥ ಸೂಕ್ಷ್ಮದ್ದು.

ಸಂಗಣ್ಣ ಸಾವ್ಕಾರರಿಗೆ ಊರ ಹೊರಗೆ ಕಲ್ಲು ಕೊಯ್ದು ಪಾಲಿಶ್ ಮಾಡುವ ತಗಡಿನ ಶೆಡ್ಡು ಇತ್ತು. ಹಣೆ ತುಂಬ ವಿಭೂತಿ, ಕೈಯಲ್ಲಿ ಸದಾ ಅಡಿಕೆ ಚೀಲ. ಗಣಿಯಿಂದ ತೆಗೆದ ದೊಡ್ಡ ದೊಡ್ಡ ದಿಮ್ಮಿಗಳನ್ನು ಗೋವಾದ ಬಂದರಿನ ಮೂಲಕ ಪರದೇಶಕ್ಕೆ ಕಳಿಸುವುದು ಅವರ ಮುಖ್ಯ ವ್ಯಾಪಾರ. ನನ್ನ ಮಾತು ಪೂರ್ತಿ ಕೇಳಿ ಅಡಿಕೆ ಬಾಯಿಗೆ ಹಾಕಿಕೊಂಡರು.

"ಅಂದ್ರ ನಮ್ಮ ಕಲ್ಲು ಆ ಕಡಿ ಹೋಗಾಕ ಯಾರದೂ ಅಡ್ಡಿ ಇಲ್ಲ. ಅದ ಕಲ್ಲು ನುಣ್ಣಗಾಗಿ ಈ ಕಡಿ ಬರಬೇಕಂದ್ರ ಪರವಾನಗಿ ಇಲ್ಲ. ಹೌದಲ್ರಿ?"

"ಹಂಗ ಅನ್ರಿ ಸಾವ್ಕಾರ್ರ."

"ಅದೆಂಥಾ ನ್ಯಾಯಾರಿ!" ಎಂದು ಎದ್ದು ನಿಂತು ಶೆಡ್ಡಿನ ಒಳಗೆ ಕೂಗಿದರು, "ಲೇ ದುರಗಪ್ಪಾ, ಬಾ ಇಲ್ಲಿ. ಬಾಯಾರು ಬೆಂಗಳೂರಿಂದ ಬಂದಾರ."

ದುರಗಪ್ಪ ಪಾಲಿಶ್ ಕೆಲಸದ ಹಿರಿಯ. ಅರವತ್ತರ ಹತ್ತಿರ, ಮೈ ಕಬ್ಬಿಣದ ಸಲಾಕೆಯಂತೆ ತೆಳ್ಳಗೆ. ಅವನ ಹೆಂಡತಿ ಹನಮವ್ವನೂ ಅಲ್ಲೇ ದುಡಿಯುತ್ತಿದ್ದಳು. ಮೊದಲ ಹದಿನೈದು ದಿನದಲ್ಲಿ ಇಬ್ಬರೂ ಸೇರಿ ಒಂದು ಹಲಗೆಯನ್ನು ಮುಖ ಕಾಣುವಂತೆ ಹೊಳೆಸಿ ಕೊಟ್ಟರು. ನಾನು ಮಟ್ಟಗೋಲು ಇಟ್ಟೆ. ಗುಳ್ಳೆ ಒಂದು ತುದಿಗೆ ಓಡಿತು. ಒಂದು ಗೇಣು ಸರಿಸಿದರೆ ಇನ್ನೊಂದು ತುದಿಗೆ.

"ಹೊಳಪು ಬ್ಯಾಡ ದುರಗಪ್ಪ. ಸಪಾಟು ಬೇಕು."

"ಸಪಾಟ ಐತೆಲ್ರಿ ಬಾಯಾರ!"

"ಗುಳ್ಳಿ ಇಲ್ಲ ಅಂತೈತಿ."

ಅವನು ಬಗ್ಗಿ ಗುಳ್ಳೆಯನ್ನು ನೋಡಿದ. ನಲವತ್ತು ವರ್ಷ ಕಲ್ಲು ತಿಕ್ಕಿದವನಿಗೆ ಬೆರಳುದ್ದದ ಗಾಜಿನ ಕೊಳವೆ ಸುಳ್ಳ ಎಂದಿತ್ತು. ಅವತ್ತು ಅವನು ನನ್ನೊಂದಿಗೆ ಮಾತಾಡಲಿಲ್ಲ. ಮರುದಿನ ನಾನು ಬರುವುದಕ್ಕೆ ಮುಂಚೆಯೇ ಬಂದು ಹಲಗೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದ. "ಹ್ಯಾಂಗ ಮಾಡಬೇಕು, ಹೇಳ್ರಿ," ಎಂದ.

ಕ್ರಮ ಹಳೆಯದು. ಸಮವಾದ ಒಂದು ಮೇಜು ಇಲ್ಲದಾಗ ಸಮವಾದ ಇನ್ನೊಂದನ್ನು ಮಾಡುವುದು ಹೇಗೆ? ಮೂರು ಹಲಗೆ ತೆಗೆದುಕೊಳ್ಳಬೇಕು. ಒಂದನ್ನು ಇನ್ನೊಂದರ ಮೇಲೆ ಮಗುಚಿ, ನಡುವೆ ನೀರು ಮತ್ತು ಸಾಣೆಪುಡಿ ಹಾಕಿ ತಿಕ್ಕಬೇಕು. ಎರಡೇ ಇದ್ದರೆ ಒಂದು ತಗ್ಗಾಗಿ, ಇನ್ನೊಂದು ಉಬ್ಬಾಗಿ, ಒಂದರೊಳಗೊಂದು ಚೆನ್ನಾಗಿ ಕೂತುಬಿಡುತ್ತವೆ. ಮೂರನೆಯದನ್ನು ತಂದು, ಜೋಡಿ ಬದಲಿಸುತ್ತ ಬಂದರೆ ಆ ತಪ್ಪು ನಿಲ್ಲುವುದಿಲ್ಲ, ಮೂರೂ ಸಮವಾಗಲೇಬೇಕು. ಇದನ್ನು ನಾನು ಕಾಗದದಲ್ಲಿ ಗೀಚಿ ತೋರಿಸುವ ಮೊದಲೇ ದುರಗಪ್ಪ ತಲೆಯಾಡಿಸಿದ.

"ತಿಳೀತ್ರಿ. ಇಬ್ಬರ ಇದ್ರ ಕಳ್ಳರು ಮಾತು ಕೂಡಿಸ್ಕೊಂತಾರ. ಮೂರನೇದಾಂವ ಬಂದ ಮ್ಯಾಲೆ ಖರೇ ಹೊರಗ ಬರ್ತೈತಿ."

ತಿಕ್ಕಲು ಶುರು ಮಾಡಿದೆವು. ಒಂದೊಂದು ಹಲಗೆಯೂ ಎರಡು ಕ್ವಿಂಟಲ್‌ಗಿಂತ ಹೆಚ್ಚಿನ ತೂಕ. ಸರಪಳಿಯ ರಾಟೆಯಿಂದ ಎತ್ತಿ ಮಗುಚುವುದು, ಆ ತುದಿಯಲ್ಲಿ ದುರಗಪ್ಪ, ಈ ತುದಿಯಲ್ಲಿ ಹನಮವ್ವ ಮತ್ತು ನಾನು ನಿಂತು ದೂಡುವುದು, ಎಳೆಯುವುದು, ಕಾಲು ಸುತ್ತು ತಿರುಗಿಸಿ ಮತ್ತೆ ದೂಡುವುದು. ಮೊದಲ ವಾರ ನನ್ನ ಅಂಗೈ ಬೊಬ್ಬೆ ಬಂದು ಒಡೆಯಿತು. ಹನಮವ್ವ ಅರಿಸಿನ, ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು. "ಸಾಲಿ ಕಲಿತ ಕೈ ಇದು. ಈಗ ಕೆಲಸಾ ಕಲೀಲಿ ತಗೋ ಯವ್ವಾ," ಎಂದಳು.

ಯುಗಾದಿ ಕಳೆಯುತ್ತಲೇ ಬಿಸಿಲು ಏರಿತು. ಇಳಕಲ್ಲಿನ ಬೇಸಿಗೆಯಲ್ಲಿ ತಗಡಿನ ಶೆಡ್ಡೆಂದರೆ ರೊಟ್ಟಿ ಹಂಚು. ಆಗಲೇ ನಮಗೆ ದೊಡ್ಡ ಪೆಟ್ಟು ಬಿತ್ತು. ಮುಂಜಾನೆ ಅಳೆದರೆ ಗುಳ್ಳೆ ನಡುವೆ ನಿಲ್ಲುತ್ತಿತ್ತು. ಮಧ್ಯಾಹ್ನ ಅದೇ ಹಲಗೆ, ಅದೇ ಜಾಗ, ಗುಳ್ಳೆ ಓರೆ. ತಿಕ್ಕಿ ಸರಿಮಾಡಿದರೆ ಮರುದಿನ ಮುಂಜಾನೆ ಮತ್ತೆ ತಪ್ಪು. ಒಂದು ತಿಂಗಳು ಹೀಗೆಯೇ ಹೋಯಿತು. ಮಟ್ಟಗೋಲು ಕೆಟ್ಟಿದೆ ಎಂದುಕೊಂಡೆ, ಕಲ್ಲು ಕೆಟ್ಟದ್ದು ಎಂದುಕೊಂಡೆ, ಕೊನೆಗೆ ನಾನೇ ನಾಲಾಯಕ್ಕು ಎಂದುಕೊಂಡು ಸೋತೆ ಎಂದು ಬೆಂಗಳೂರಿಗೆ ಕಾಗದ ಬರೆದು ಇಟ್ಟುಕೊಂಡೆ. ಅವತ್ತು ಮಧ್ಯಾಹ್ನ ಹನಮವ್ವ ಹಲಗೆಯ ಮೇಲೆ ಅಂಗೈ ಊರಿ ಈ ತುದಿಯಿಂದ ಆ ತುದಿಗೆ ನಡೆದಳು.

"ಯವ್ವಾ, ಈ ಕಡಿ ಬೆಚ್ಚಗೈತಿ. ಆ ಕಡಿ ತಣ್ಣಗೈತಿ. ಬಿಸಿಲಿಗೆ ಮನಷ್ಯಾರ ಉಬ್ಬತಾರ, ಕಲ್ಲು ಉಬ್ಬಂಗಿಲ್ಲೇನು?"

ಓದಿದ ನನಗೆ ಆ ಪಾಠ ಗೊತ್ತೇ ಇತ್ತು. ಆದರೆ ಅಂಗೈ ಊರಿ ನೋಡಬೇಕೆಂದು ಹೊಳೆದಿರಲಿಲ್ಲ. ಕಾಗದ ಹರಿದು ಹಾಕಿದೆ. ತಣ್ಣನೆಯ ಕೋಣೆ ಎಲ್ಲಿ ತರುವುದು? ಅದನ್ನೂ ಹುಡುಕಿದವಳು ಹನಮವ್ವನೇ. ಅವರ ಓಣಿಯಲ್ಲಿ ನೇಕಾರರೊಬ್ಬರು ಬಿಟ್ಟುಹೋದ ಮಾಳಿಗೆ ಮನೆ ಇತ್ತು. ಮೊಳಕ್ಕಿಂತ ದಪ್ಪದ ಮಣ್ಣಿನ ಗೋಡೆ, ಮೇಲೆ ದಪ್ಪಗೆ ಮಣ್ಣು ಹಾಕಿದ ಸಪಾಟು ಮಾಳಿಗೆ, ಒಂದೇ ಬಾಗಿಲು, ನೆಲದಲ್ಲಿ ಹಳೆಯ ಮಗ್ಗದ ಕುಣಿ. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ಮುಂಜಾನೆಯ ತಂಪು. ಕುಣಿಯನ್ನು ತುಂಬಿ ಗಟ್ಟಿಮಾಡಿ, ಅದರ ಮೇಲೆ ಹಲಗೆಗಳನ್ನು ಏರಿಸಿದೆವು. ಎರಡು ದಿನ ಹಾಗೇ ಬಿಟ್ಟು ಅಳೆದೆ. ಮುಂಜಾನೆ, ಮಧ್ಯಾಹ್ನ, ಸಂಜೆ, ಗುಳ್ಳೆ ಜಾಗ ಬಿಟ್ಟು ಕದಲಲಿಲ್ಲ. ದುರಗಪ್ಪ ಮೀಸೆಯಲ್ಲೇ ನಕ್ಕು, "ಈಗ ಬಾ ಮಗನ," ಎಂದು ಕಲ್ಲಿಗೆ ಹೇಳಿದ.

ಕೆಲಸ ಹದಕ್ಕೆ ಬಂದಾಗಲೇ ಸಂಗಣ್ಣ ಸಾವ್ಕಾರರ ದಿಮ್ಮಿಗಳನ್ನು ಕೊಳ್ಳುತ್ತಿದ್ದ ಏಜೆಂಟ ಗೋವಾದಿಂದ ಬಂದ. ಶೆಡ್ಡಿನಲ್ಲಿ ಯಾರೋ ನಮ್ಮ ಕೆಲಸದ ಸುದ್ದಿ ಹೇಳಿದ್ದರು. ಅವನು ಹೋದ ಮೇಲೆ ಸಾವ್ಕಾರರು ಮಾಳಿಗೆ ಮನೆಗೆ ಬಂದರು. ಕೂರಲಿಲ್ಲ.

"ಬಾಯಾರ, ಆ ಮನಷ್ಯಾ ಒಂದು ಕಾಗದ ಕೊಟ್ಟಾನ. ಮಿಲಿಟರಿಗೆ, ರಾಕೆಟ್ಟಿಗೆ ಬೇಕಾಗೂ ಸಾಮಾನು ನಾವು ಮಾಡಂಗಿಲ್ಲ ಅಂತ ಸಹಿ ಮಾಡಬೇಕಂತ. ಇಲ್ಲಂದ್ರ ಅವರ ಮಾಲಕರು ನಮ್ಮ ದಿಮ್ಮಿ ತಗೊಳ್ಳಂಗಿಲ್ಲಂತ. ನಲವತ್ತು ಮಂದಿ ನನ್ನ ಶೆಡ್ಡಿನ್ಯಾಗ ದುಡೀತಾರ್ರಿ. ಎಂಟು ದಿನ ಕೆಲಸಾ ನಿಂದ್ರಸ್ರಿ. ನಾ ವಿಚಾರ ಮಾಡ್ತೇನಿ."

ಮೂರ್ತಿಯವರಿಗೆ ತಂತಿ ಕಳಿಸಿದೆ. ಅವರು ರೈಲಿನಲ್ಲಿ ಬಾದಾಮಿಗೆ ಬಂದು, ಅಲ್ಲಿಂದ ಎರಡು ಬಸ್ಸು ಬದಲಿಸಿ, ಧೂಳಾಗಿ ಇಳಕಲ್ಲಿಗೆ ಮುಟ್ಟಿದರು. ಸಾವ್ಕಾರರು, ದುರಗಪ್ಪ, ಹನಮವ್ವ, ನಾನು ಎಲ್ಲರೂ ಮಾಳಿಗೆ ಮನೆಯಲ್ಲಿ ಕೂಡಿದೆವು. ಆಗ ದುರಗಪ್ಪ ಅಷ್ಟು ದಿನ ನಾನು ಹೆದರುತ್ತಿದ್ದ ಪ್ರಶ್ನೆಯನ್ನು ಕೇಳಿದ.

"ಸಾಹೇಬ್ರ, ಖರೇ ಹೇಳ್ರಿ. ಇದು ಬಾಂಬಿಗೇನ್ರಿ?"

ಮೂರ್ತಿಯವರು ಹಲಗೆಯ ಮೇಲೆ ಅಂಗೈ ಇಟ್ಟರು. "ಇದು ಅಳೆಯುವ ಮೇಜು, ಯಜಮಾನರೇ. ಹೊಲಕ್ಕೆ ನೀರೆತ್ತುವ ಪಂಪಿನ ಭಾಗವನ್ನೂ ಇದರ ಮೇಲೆ ಇಡುತ್ತೇವೆ. ಆಸ್ಪತ್ರೆಯ ಯಂತ್ರದ್ದನ್ನೂ ಇಡುತ್ತೇವೆ. ರಾಕೆಟ್ಟಿನದನ್ನೂ ಇಡುತ್ತೇವೆ. ಬಾಂಬು ನಮ್ಮಲ್ಲಿ ಆಗುವುದಿಲ್ಲ. ಆದರೆ ರಾಕೆಟ್ಟನ್ನು ನಾಳೆ ಯಾರು ಯಾವುದಕ್ಕೆ ಬಳಸುತ್ತಾರೆ ಎಂದು ನಾನು ಮಾತು ಕೊಡಲಾರೆ. ನಿಮಗೆ ಸುಳ್ಳು ಹೇಳಿ ಕೆಲಸ ಮಾಡಿಸಿಕೊಳ್ಳುವುದಿಲ್ಲ."

ದುರಗಪ್ಪ ಹನಮವ್ವನ ಮುಖ ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು.

"ಕುಡಗೋಲು ಮಾಡೂ ಕಮ್ಮಾರನ ಕಡಿಂದ ಯಾರೂ ಇಂಥಾ ಕಾಗದಾ ಬರಸ್ಕೊಳ್ಳಂಗಿಲ್ಲ," ಎಂದಳು. "ಅದರಿಂದ ಜ್ವಾಳಾನೂ ಕೊಯ್ತಾರ, ಕುತ್ಗೀನೂ ಕೊಯ್ತಾರ. ಕೆಟ್ಟದ್ದಕ್ಕ ಹಚ್ಚಿದ್ರ ಹಚ್ಚಿದಾಂವ್ಗ ಪಾಪ ತಟ್ತೈತಿ, ಅದನ್ನ ನಾವೂ ಕೇಳೂಣು. ಆದ್ರ ಆ ದೂರದ ಮಂದಿ ತಮ್ಮ ಮನ್ಯಾಗ ಇಂಥಾ ಬಾಂಬು, ರಾಕೆಟ್ಟು ಎಷ್ಟ ಇಟಗೊಂಡಾರೋ! ನಿಮಗ ಬ್ಯಾಡ ಅನ್ನಾಕ ಅವರ್ಯಾರು?"

ಸಾವ್ಕಾರರು ಬಹಳ ಹೊತ್ತು ಅಡಿಕೆ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು. ಆಮೇಲೆ ಅಂಗಿಯ ಕಿಸೆಯಿಂದ ಏಜೆಂಟನ ಕಾಗದ ತೆಗೆದರು.

"ಪಟ್ಟದಕಲ್ಲಿನ್ಯಾಗ ಕಲ್ಲು ಕಡದವ್ರು ಯಾರ ಪರವಾನಗಿ ತಗೊಂಡಿದ್ರು? ನಮ್ಮ ಭೂಮಿ, ನಮ್ಮ ಕಲ್ಲು, ನಮ್ಮ ಮಂದಿ. ಕಾಯಕಕ್ಕ ಸಹಿ ಕೇಳ್ತಾನೇನು ಇಂವ!" ಎಂದು ಅದನ್ನು ಹರಿದು, ಚೂರುಗಳನ್ನು ಹೊರಗೆ ಎಸೆಯದೆ ಮೂರ್ತಿಯವರ ಕೈಗಿಟ್ಟರು. "ಸಾಕ್ಷಿಗೆ ಇಟಗೋರಿ. ಸಂಗಣ್ಣ ಅಂಜಿಲ್ಲ ಅಂತ."

ಅಂಜದೆ ಇದ್ದುದಕ್ಕೆ ಬೆಲೆ ತೆರಬೇಕಾಯಿತು. ಏಜೆಂಟ ಹೇಳಿದ ಹಾಗೆಯೇ ಮಾಡಿದ. ಆ ಮಳೆಗಾಲವೆಲ್ಲ ಸಾವ್ಕಾರರ ದಿಮ್ಮಿಗಳು ರಸ್ತೆ ಬದಿಯಲ್ಲಿ ನೆನೆಯುತ್ತ ಬಿದ್ದಿದ್ದವು. ಶೆಡ್ಡಿನ ಕೆಲವರು ಕೆರೂರ ಕಡೆಗೆ ರಸ್ತೆ ಕೆಲಸಕ್ಕೆ ಹೋದರು. ಅವರಲ್ಲಿ ಒಬ್ಬ ಹೋಗುವಾಗ ನನ್ನ ಮುಖ ನೋಡದೆ ಹೋದ. ಆ ನೋಟ ತಪ್ಪಿಸಿದ್ದು ಇವತ್ತಿಗೂ ನನಗೆ ಚುಚ್ಚುತ್ತದೆ. ಮುಂದಿನ ವರ್ಷ ಸಾವ್ಕಾರರು ಮದ್ರಾಸಿನ ಬೇರೆ ವ್ಯಾಪಾರಿಯನ್ನು ಹುಡುಕಿಕೊಂಡು, ಹೋದವರನ್ನೆಲ್ಲ ಹೇಳಿಕಳಿಸಿ ಕರೆಸಿದರು. ಆದರೆ ಆ ವರ್ಷ ಮಾತ್ರ ಅವರ ಮನೆಯಲ್ಲೂ ಕಷ್ಟವೇ ಇತ್ತು. ಒಮ್ಮೆಯೂ ನನ್ನ ಮುಂದೆ ಆಡಿ ತೋರಿಸಲಿಲ್ಲ.

ನಾವು ತಿಕ್ಕಿದೆವು. ಸಾಣೆಪುಡಿ ನಯವಾಗುತ್ತ ಆಗುತ್ತ ಕಡೆಗೆ ಹಿಟ್ಟಿನಂತಾಯಿತು. ಮೊದಲು ಒಂದು ತಾಸು ತಿಕ್ಕಿ ಅರ್ಧ ತಾಸು ಅಳೆಯುತ್ತಿದ್ದವರು, ಕೊನೆಕೊನೆಗೆ ಹತ್ತು ನಿಮಿಷ ತಿಕ್ಕಿ ಇಡೀ ದಿನ ಅಳೆಯುತ್ತಿದ್ದೆವು. ದುರಗಪ್ಪ ಗುಳ್ಳೆ ಓದುವುದನ್ನು ಕಲಿತ. ಅಂಕಿ ಬಾರದವನು ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಗುರುತು ಇಟ್ಟುಕೊಂಡ. ನನ್ನ ವಹಿಗೂ ಅವನ ಗೋಡೆಗೂ ಒಂದು ದಿನವೂ ತಪ್ಪು ಬರಲಿಲ್ಲ. ಮಾಳಿಗೆ ಸೋರೀತೆಂದು ಹನಮವ್ವ ಮಳೆ ಶುರುವಾಗುವ ಮೊದಲೇ ಮೇಲೆ ಹೊಸ ಮಣ್ಣು ಹಾಕಿಸಿದ್ದಳು. ನಾಗರ ಪಂಚಮಿಯ ಮುಂದೆ ಒಂದು ದಿನ, ಮೂರೂ ಹಲಗೆಗಳನ್ನು ಮೂರು ಸಲ ಜೋಡಿ ಬದಲಿಸಿ ಅಳೆದ ಮೇಲೆ, ನಾನು ಪೆನ್ನು ಕೆಳಗಿಟ್ಟೆ.

"ಆತು," ಎಂದೆ.

"ಆತಂದ್ರ?" ದುರಗಪ್ಪ ನಂಬಲಿಲ್ಲ. ತಾನೇ ಮಟ್ಟಗೋಲು ಸರಿಸಿ ಸರಿಸಿ ನೋಡಿದ. ನೋಡಿ, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. ಅಳುತ್ತಿದ್ದನೋ ಬೆವರೋ ನಾನು ಕೇಳಲಿಲ್ಲ.

ಜೋಳದ ಕಣಿಕೆ ಹಾಸಿ, ಕಂಬಳಿ ಸುತ್ತಿ, ಲಾರಿಯಲ್ಲಿ ಮೂರನ್ನೂ ಬೆಂಗಳೂರಿಗೆ ಕಳಿಸಿದೆವು. ಅಲ್ಲಿ ಬೇರೆ ಕಾರ್ಯಾಗಾರದವರು ಬಂದು ತಮ್ಮ ಉಪಕರಣದಿಂದ ಅಳೆದರು. ಕೇಳಿದ್ದಕ್ಕಿಂತ ಒಂದು ಹಲಗೆ ಉತ್ತಮ, ಎರಡು ಕೇಳಿದಷ್ಟೇ. ಮರುವರ್ಷವೇ ಪರದೇಶದ ಕಂಪನಿಯಿಂದ ಕಾಗದ ಬಂತು: ತಮ್ಮ ಸರ್ಕಾರ ಈ ವಸ್ತುವಿನ ಮೇಲಿನ ನಿರ್ಬಂಧ ಸಡಿಲಿಸಿದೆ, ಈಗ ಕಳಿಸಬಹುದು. ನಮಗೆ ಬೇಕಾಗಿದ್ದಾಗ ಇಲ್ಲ, ನಾವು ಮಾಡಿಕೊಂಡ ಮೇಲೆ ಇದೆ! ಮೂರ್ತಿಯವರು ಒಂದೇ ಸಾಲಿನ ಉತ್ತರ ಹೇಳಿ ನನ್ನಿಂದ ಬರೆಸಿದರು: "ನಮಗೆ ಬೇಕಾಗಿಲ್ಲ."

ಆ ಕಾಗದ ಬಂದ ವರ್ಷದ ಚಳಿಗಾಲದಲ್ಲಿ ದುರಗಪ್ಪನನ್ನೂ ಹನಮವ್ವನನ್ನೂ ನಾನು ಬೆಂಗಳೂರಿಗೆ ಕರೆಸಿಕೊಂಡೆ. ತಾವು ಮಾಡಿದ ಮೇಜಿನ ಮೇಲೆ ಕೆಲಸ ನಡೆಯುವುದನ್ನು ಅವರು ನೋಡಬೇಕೆಂದು ನನ್ನ ಆಸೆ. ಹನಮವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ಕಾರ್ಯಾಗಾರದ ಗೇಟಿನಲ್ಲಿ ಕಾವಲುಗಾರ ತಡೆದ. ಹೊರಗಿನವರು, ಗುರುತಿನ ಚೀಟಿ ಇಲ್ಲ, ಭದ್ರತೆಯ ನಿಯಮ, ಒಳಗೆ ಬಿಡುವ ಹಾಗಿಲ್ಲ. ನಾನು ವಾದಿಸಿದೆ. ಅವನು ನಿಯಮದ ಫಲಕದತ್ತ ಬೆರಳು ಮಾಡಿದ. ಸಮುದ್ರದಾಚೆಯ ಸರ್ಕಾರದ ಮೇಲೆ ಸಿಟ್ಟಾದವಳು ನಾನು. ನಮ್ಮದೇ ಗೇಟಿನ ಮುಂದೆ ನನಗೆ ತಲೆ ತಗ್ಗಿಸುವಂತಾಯಿತು.

ದುರಗಪ್ಪ, "ಹೋಗ್ಲಿ ಬಿಡ್ರಿ ಬಾಯಾರ, ಹೊರಗಿಂದ ನೋಡಿದ್ವಲ್ಲ," ಎಂದು ಹಿಂದೆ ಸರಿದ. ಹನಮವ್ವ ಸರಿಯಲಿಲ್ಲ. ಗೇಟಿನ ನಡುಮಧ್ಯೆ ಗಂಟು ಇಳಿಸಿ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಆರು ತಿಂಗಳ ನನ್ನ ರಟ್ಟೀ ಮುರದು ಮಾಡೇನಿ. ಅದನ್ನ ನೋಡಾಕ ನನಗ ಚೀಟಿ ಬೇಕಂದ್ರ, ಚೀಟಿ ಕೊಡಾಂವ್ನ ಕರೀರಿ. ನಾ ಏಳಂಗಿಲ್ಲ."

ಒಳಗೆ ಹೋಗುವ ಲಾರಿಗಳು ಸಾಲುಗಟ್ಟಿ ನಿಂತವು. ಸುದ್ದಿ ಮುಟ್ಟಿ ಮೂರ್ತಿಯವರು ಓಡುತ್ತ ಬಂದರು. ಕಾವಲುಗಾರನ ಪುಸ್ತಕ ಎಳೆದುಕೊಂಡು, "ನನ್ನ ಜವಾಬ್ದಾರಿ" ಎಂದು ಬರೆದು ಸಹಿ ಹಾಕಿದರು. ಆ ಸಹಿಗಾಗಿ ಮುಂದೆ ಅವರು ಮೇಲಿನವರಿಗೆ ಲಿಖಿತ ವಿವರಣೆ ಕೊಡಬೇಕಾಯಿತು. ಕೊಟ್ಟರು, ಕ್ಷಮೆ ಮಾತ್ರ ಕೇಳಲಿಲ್ಲ.

ಅಳತೆಯ ಕೋಣೆಯಲ್ಲಿ ಏಳೆಂಟು ಎಂಜಿನಿಯರರು ಕೆಲಸದಲ್ಲಿದ್ದರು. ಎದ್ದು ನಿಂತು ನಮಸ್ಕರಿಸಿದರು. ಮೂರ್ತಿಯವರು ಅತಿಥಿಗಳ ಪರಿಚಯ ಹೇಳಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಹನಮವ್ವ ನೇರ ಮೇಜಿನ ಹತ್ತಿರ ಹೋಗಿ ನಿಂತಿದ್ದಳು. ಅದರ ಒಂದು ಮೂಲೆಯಲ್ಲಿ ಯಾರೋ ಅರ್ಧ ಕುಡಿದ ಚಹಾದ ಕಪ್ಪು ಇಟ್ಟಿದ್ದರು.

"ಇದನ್ನ ಇಲ್ಲಿ ಇಟ್ಟಾಂವ ಯಾಂವ?"

ಯಾರೂ ನಗಲಿಲ್ಲ. ಎಲ್ಲರಿಗಿಂತ ಹಿರಿಯ ಎಂಜಿನಿಯರೊಬ್ಬರು ಮುಂದೆ ಬಂದು, ಕಪ್ಪನ್ನು ಎರಡೂ ಕೈಯಿಂದ ಎತ್ತಿಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದೇ ನಿಂತರು. ಹನಮವ್ವ ತನ್ನ ಒಳ್ಳೆಯ ಸೀರೆಯ ಸೆರಗಿನಿಂದ ಆ ಗುಂಡನೆಯ ಕಲೆಯನ್ನು ಒರೆಸಿ, ಬಗ್ಗಿ ಬೆಳಕಿಗೆ ಓರೆಯಾಗಿ ನೋಡಿ, ಇನ್ನೊಮ್ಮೆ ಒರೆಸಿದಳು.

"ಹ್ಞಾಂ," ಎಂದಳು. "ಇನ್ನ ಮಾಡ್ರಿ ನಿಮ್ಮ ಕೆಲಸಾ."